ಲಜಾರಸ್ ಬೇಡ ಅಂತ ನಾನೇ ಬರೆದುಕೊಟ್ಟ ವರದಿ

ನಾವು ಸಾಫ್ಟ್‌ವೇರ್ ಕಟ್ಟಲು ಬಳಸುವ ಡೆಲ್ಫಿಯ ಲೈಸೆನ್ಸ್ ನವೀಕರಣದ ತಿಂಗಳು ಬಂದರೆ ಸಾಕು, ನಮ್ಮ ಮ್ಯಾನೇಜರ್‌ಗೆ ಓಪನ್ ಸೋರ್ಸ್, ಅಂದರೆ ಸೋರ್ಸ್ ಕೋಡ್ ಎಲ್ಲರಿಗೂ ತೆರೆದಿಟ್ಟ ಸಾಫ್ಟ್‌ವೇರ್ ಮೇಲೆ ಪ್ರೀತಿ ಉಕ್ಕುತ್ತದೆ. ಬಿಲ್ ಕಟ್ಟಿದ ಮೇಲೆ ತಣ್ಣಗಾಗುತ್ತದೆ. ಆ ವರ್ಷ ಮಾತ್ರ ತಣ್ಣಗಾಗಲಿಲ್ಲ. ನನ್ನ ಟೇಬಲ್ ಹತ್ತಿರ ಬಂದು, "ಯಾವಾಗ ನೋಡಿದ್ರೂ ಲಜಾರಸ್ ಲಜಾರಸ್ ಅಂತಿರ್ತೀರಲ್ಲ, ಮೂರು ವಾರ ಕೊಡ್ತೀನಿ. ನಮ್ಮ ಕೆಲಸಕ್ಕೆ ಆಗುತ್ತೋ ಇಲ್ಲವೋ ನೋಡಿ ಬರೆದುಕೊಡಿ" ಅಂದರು.

ಲಜಾರಸ್ ಅಂದರೆ ಡೆಲ್ಫಿಯಂಥದೇ ಓಪನ್ ಸೋರ್ಸ್ ಸಾಧನ. ಆಗುತ್ತೆ ಅಂತ ಬರೆಯಬೇಕು ಅಂದುಕೊಂಡೇ ಕೂತೆ. ಮೂರು ವಾರ ಕಳೆದ ಮೇಲೆ ಬೇಡ ಅಂತ ಬರೆದೆ. ವರದಿಯಲ್ಲಿ ಕೊಟ್ಟ ಕಾರಣ ಒಂದು, ನಿಜವಾದ ಕಾರಣ ಇನ್ನೊಂದು. ಇದನ್ನು ಬರೆಯುತ್ತಿರುವುದೂ ಅದಕ್ಕೇ.

ನಮ್ಮದು ಐದು ಜನರ ಟೀಮ್. ಸ್ಟಾಕ್, ಬಿಲ್ಲಿಂಗ್, ಲೆಕ್ಕಪತ್ರ ನೋಡಿಕೊಳ್ಳುವ ಹಳೇ ಡೆಸ್ಕ್‌ಟಾಪ್ ಸಾಫ್ಟ್‌ವೇರ್ ಒಂದನ್ನು ಸಾಕುತ್ತಿದ್ದೇವೆ. ಡೆಲ್ಫಿ 7ರಲ್ಲಿ ಹುಟ್ಟಿದ್ದು, ಆಮೇಲೆ ಹೊಸ ಆವೃತ್ತಿಗೆ ಬಂದದ್ದು. 140 ಫಾರ್ಮ್, 38 ರಿಪೋರ್ಟ್, ಒಬ್ಬರೂ ಪೂರ್ತಿ ಓದಿರದಷ್ಟು ಕೋಡ್. ಹಿಂದೆ ದುಡಿದು ಹೋದವರ ಕಾಮೆಂಟ್‌ಗಳು ಇನ್ನೂ ಅಲ್ಲಲ್ಲಿ ಇವೆ. "ಇದನ್ನು ಮುಟ್ಟಬೇಡಿ" ಅಂತ ಒಂದು ಕಡೆ ಇದೆ. ಯಾಕೆ ಅಂತ ಬರೆದಿಲ್ಲ. ನಾವೂ ಮುಟ್ಟಿಲ್ಲ.

ಡೆಲ್ಫಿ ಗೊತ್ತಿಲ್ಲದವರಿಗೆ ಎರಡು ಮಾತು. ಬೋರ್ಲ್ಯಾಂಡ್ ಕಂಪನಿ 1995ರಲ್ಲಿ ಹೊರತಂದ ಸಾಧನ ಅದು. ಪ್ಯಾಸ್ಕಲ್ ಭಾಷೆ. ಬಟನ್, ಪಟ್ಟಿ, ಬಾಕ್ಸ್ ಎಲ್ಲವನ್ನೂ ಎಳೆದು ಫಾರ್ಮ್ ಮೇಲೆ ಇಟ್ಟು, ಅದರ ಹಿಂದೆ ಕೋಡ್ ಬರೆಯುವುದು. ಲಜಾರಸ್ ಅದೇ ಅನುಭವವನ್ನು ಓಪನ್ ಸೋರ್ಸ್‌ನಲ್ಲಿ ಕೊಡಲು ಹೊರಟ ಯೋಜನೆ. ಫ್ರೀ ಪ್ಯಾಸ್ಕಲ್ ಕಂಪೈಲರ್ ಮೇಲೆ ಕಟ್ಟಿದ್ದು. ಬರೆದ ಕೋಡನ್ನು ಓಡುವ ಪ್ರೋಗ್ರಾಂ ಆಗಿಸುವುದು ಕಂಪೈಲರ್. 1999ರಲ್ಲಿ ಶುರುವಾಯಿತು, 1.0 ಅನ್ನೋ ನಂಬರ್ ಹಚ್ಚಿಕೊಂಡದ್ದು 2012ರಲ್ಲಿ. 13 ವರ್ಷ! ಹಠ ಇಲ್ಲದಿದ್ದರೆ ಇಷ್ಟು ದಿನ ಯಾರೂ ಇಂಥ ಕೆಲಸ ಹಿಡಿದುಕೊಂಡು ಕೂರುವುದಿಲ್ಲ.

ಹೊಸ ಭಾಷೆ ಕಲಿಯಬೇಕಾಗಿಲ್ಲ, ಹೊಸ ಯೋಚನೆ ಬೇಕಾಗಿಲ್ಲ. ಇದಕ್ಕಿಂತ ಸಲೀಸಾದ ಬದಲಾವಣೆ ಇನ್ನೇನಿದೆ ಅಂತ ನನ್ನ ಲೆಕ್ಕ.

ಮೊದಲ ದಿನ ಹಾಗೇ ಇತ್ತು. ಇನ್‌ಸ್ಟಾಲ್ ಮಾಡಿ ತೆರೆದೆ. ಎಫ್9 ಒತ್ತಿದರೆ ಓಡುತ್ತದೆ, ಎಫ್8 ಒತ್ತಿದರೆ ಒಂದೊಂದೇ ಸಾಲು ದಾಟುತ್ತದೆ, ಎಫ್7 ಒತ್ತಿದರೆ ಒಳಗೆ ಇಳಿಯುತ್ತದೆ. ಕಂಟ್ರೋಲ್ ಶಿಫ್ಟ್ ಸಿ ಒತ್ತಿದೆ, ಕ್ಲಾಸ್‌ನ ಖಾಲಿ ಪ್ರೊಸೀಜರ್‌ಗಳು ಡೆಲ್ಫಿಯಲ್ಲಿ ಆಗುವ ಹಾಗೇ ತಾವಾಗಿ ಮೂಡಿದವು. ಬೆರಳುಗಳಿಗೆ ಮನೆಗೆ ಬಂದಷ್ಟು ಖುಷಿ. ಕಿಟಕಿಗಳೆಲ್ಲ ಬಿಡಿಬಿಡಿಯಾಗಿ ತೇಲುತ್ತಿದ್ದವು. ಡೆಲ್ಫಿ 7 ಕೂಡ ಹಾಗೇ ಇತ್ತು. ಒಂದಕ್ಕೊಂದು ಅಂಟಿಸಲು ಆಂಕರ್ ಡಾಕಿಂಗ್ ಅನ್ನೋ ಪ್ಯಾಕೇಜ್ ಇದೆ, ಅದನ್ನು ಹಾಕಿಕೊಂಡೆ.

ಒಂದು ಬಟನ್ ಇರುವ ಫಾರ್ಮ್ ಮಾಡಿ, ನಮ್ಮ ಟೀಮ್‌ನ ಹಿರಿಯರನ್ನು ಕರೆದು ತೋರಿಸಿದೆ. ಅವರು ಫಾರ್ಮ್ ನೋಡಲಿಲ್ಲ. ನೇರವಾಗಿ ಫೋಲ್ಡರ್ ತೆರೆದು ಫೈಲ್ ಸೈಜ್ ನೋಡಿದರು.

"ಏನಪ್ಪಾ ಇದು, ಒಂದು ಬಟನ್‌ಗೆ ಇಷ್ಟು ದೊಡ್ಡ ಫೈಲಾ?"

ತಪ್ಪು ಹುಡುಕಲು ಬೇಕಾಗುವ ಡಿಬಗ್ ಮಾಹಿತಿ ಸೇರಿಕೊಂಡಿದೆ ಸರ್, ತೆಗೆದರೆ ಪುಟ್ಟದಾಗುತ್ತೆ ಅಂದೆ. ಸೆಟ್ಟಿಂಗ್ ಬದಲಿಸಿ ಮತ್ತೆ ಕಂಪೈಲ್ ಮಾಡಿಯೂ ತೋರಿಸಿದೆ. ಪುಟ್ಟದೇ ಆಯಿತು. ಆದರೆ ಅಷ್ಟರಲ್ಲಿ ಅವರು ತಮ್ಮ ಸೀಟಿಗೆ ಹೋಗಿ ಕೂತಿದ್ದರು. ಲಜಾರಸ್‌ಗೆ ಹೊಸದಾಗಿ ಬಂದವರೆಲ್ಲ ಕೇಳುವ ಪ್ರಶ್ನೆಯೇ ಅದು. ಉತ್ತರ ಒಂದೇ ಸಾಲಿನದು. ಅದನ್ನು ಪ್ರಶ್ನೆ ಬರುವ ಮೊದಲೇ ಹೇಳಿಬಿಡಬೇಕಿತ್ತು.

ಎರಡನೇ ದಿನ ನಿಜವಾದ ಕೆಲಸಕ್ಕೆ ಕೈ ಹಾಕಿದೆ. ಡೆಲ್ಫಿ ಪ್ರಾಜೆಕ್ಟನ್ನು ಲಜಾರಸ್‌ಗೆ ಬದಲಿಸಿಕೊಡುವ ಆಯ್ಕೆ ಟೂಲ್ಸ್ ಮೆನುವಿನಲ್ಲೇ ಇದೆ. ಫಾರ್ಮ್ ಫೈಲ್‌ಗಳ ಹೆಸರು ಬದಲಿಸುತ್ತದೆ, ವಿಂಡೋಸ್‌ಗೇ ಅಂಟಿದ ಯೂನಿಟ್‌ಗಳ ಜಾಗದಲ್ಲಿ ತನ್ನವನ್ನು ಇಡುತ್ತದೆ, ಗೊತ್ತಿಲ್ಲದ ಕಾಂಪೊನೆಂಟ್ (ಸಿದ್ಧ ಬಿಡಿಭಾಗ) ಸಿಕ್ಕಿದರೆ ನಿಂತು ಕೇಳುತ್ತದೆ. ಸಣ್ಣ ಪ್ರಾಜೆಕ್ಟ್ ಒಂದನ್ನು ಕೊಟ್ಟೆ, ಅರ್ಧ ಗಂಟೆಯಲ್ಲಿ ಓಡಿತು. ದೊಡ್ಡದನ್ನು ಕೊಟ್ಟೆ. ನಿಂತು ಕೇಳಲು ಶುರುಮಾಡಿತು. ಸಂಜೆಯವರೆಗೂ ಕೇಳುತ್ತಲೇ ಇತ್ತು.

ನಮ್ಮ ಸಾಫ್ಟ್‌ವೇರ್ ಒಳಗೆ ಏನೇನಿದೆ ಅನ್ನೋದು ನನಗೆ ಪೂರ್ತಿ ಗೊತ್ತಾದದ್ದು ಆವತ್ತು. ಹೊರಗಿನಿಂದ ತಂದ ಕಾಂಪೊನೆಂಟ್‌ಗಳ ಪಟ್ಟಿ ಮಾಡಿದೆ. ಒಂಬತ್ತು ಬಂತು. ಐದಕ್ಕೆ ಲಜಾರಸ್‌ನಲ್ಲೂ ಆವೃತ್ತಿ ಇತ್ತು, ಅಥವಾ ಅದೇ ಕೆಲಸ ಮಾಡುವ ಬೇರೆಯದು ಸಿಕ್ಕಿತು. ಮೂರಕ್ಕೆ ಸೋರ್ಸ್ ಕೋಡ್ ನಮ್ಮ ಹತ್ತಿರ ಇತ್ತು, ಕೂತು ತಿದ್ದಿದರೆ ಆಗುತ್ತಿತ್ತು. ಕೊನೆಯದು ರಿಪೋರ್ಟ್ ಕಾಂಪೊನೆಂಟ್. ಅದರ ಕಥೆ ಆಮೇಲೆ ಹೇಳ್ತೀನಿ. ಆವತ್ತು ನಾನೂ ಅದನ್ನು ಆಮೇಲೆ ಅಂತಲೇ ಬದಿಗಿಟ್ಟಿದ್ದೆ.

ಆ ಮೂರರಲ್ಲಿ ಒಂದನ್ನು ತಿದ್ದಲು ಕೂತಾಗ ಲಜಾರಸ್‌ನ ಒಂದು ಸ್ವಭಾವ ಗೊತ್ತಾಯಿತು. ಹೊಸ ಕಾಂಪೊನೆಂಟ್ ಐಡಿಇಯ, ಅಂದರೆ ನಾವು ಕೂತು ಕೋಡ್ ಬರೆಯುವ ಲಜಾರಸ್ ಪ್ರೋಗ್ರಾಂನ ಪಟ್ಟಿಯಲ್ಲಿ ಕಾಣಬೇಕಾದರೆ ಐಡಿಇಯನ್ನೇ ಮತ್ತೆ ಕಂಪೈಲ್ ಮಾಡಬೇಕು. ಪ್ಯಾಕೇಜ್ ಅದರ ಒಳಗೇ ಬೆಸೆದುಕೊಳ್ಳುತ್ತದೆ. ಕಂಪೈಲ್ ಮುಗಿದ ಮೇಲೆ ಐಡಿಇ ಮುಚ್ಚಿ ಮತ್ತೆ ತೆರೆಯುತ್ತದೆ. ಹೊತ್ತೇನೂ ಜಾಸ್ತಿ ಹಿಡಿಯುವುದಿಲ್ಲ. ಆದರೆ ಪಕ್ಕದಲ್ಲಿ ಕೂತಿದ್ದ ಟೀಮ್‌ನ ಕಿರಿಯ ಹುಡುಗಿ ಕಣ್ಣರಳಿಸಿ ನೋಡುತ್ತಿದ್ದಳು.

"ಸರ್, ಒಂದು ಬಟನ್ ಸೇರಿಸೋಕೆ ಇಡೀ ಐಡಿಇನೇ ಕಟ್ಟಬೇಕಾ?"

"ಹೂಂ. ಆದ್ರೆ ಕಟ್ಟೋಕೆ ಆಗುತ್ತಲ್ಲ, ಅದು ನೋಡು," ಅಂದೆ. ಎಷ್ಟು ಚೆನ್ನಾಗಿ ಹೇಳಿದೆ ಅಂತ ನನಗೇ ಹೆಮ್ಮೆ. ಹತ್ತು ನಿಮಿಷಕ್ಕೆ ನಾನು ತಿದ್ದಿದ ಪ್ಯಾಕೇಜ್‌ನಿಂದಾಗಿ ಐಡಿಇ ತೆರೆಯುವಾಗಲೇ ಬಿದ್ದಿತು. ತಪ್ಪು ನನ್ನದು, ಒಂದು ಪಾಯಿಂಟರ್‌ಗೆ ಬೆಲೆ ಕೊಡುವ ಮೊದಲೇ ಬಳಸಿದ್ದೆ. ಹಳೇ ಪ್ರತಿ ಪಕ್ಕದಲ್ಲೇ ಉಳಿದಿತ್ತು, ಅದನ್ನು ತೆರೆದು ಸರಿಮಾಡಿದೆ. ಹುಡುಗಿ ಏನೂ ಅನ್ನಲಿಲ್ಲ. ಆದರೆ ನೋಟ್‌ಬುಕ್‌ನಲ್ಲಿ ಏನೋ ಬರೆದುಕೊಂಡಳು.

ಅವಳ ತೊಂದರೆ ಬೇರೆ ಇತ್ತು. ಟೀಮ್‌ಗೆ ಬಂದ ಮೇಲೆ ಅವಳು ಬರೆದ ಕೋಡ್‌ನಲ್ಲಿ ಹೆಸರಿಲ್ಲದ ಫಂಕ್ಷನ್‌ಗಳು ತುಂಬ. ಕರೆಯುವ ಜಾಗದಲ್ಲೇ ಫಂಕ್ಷನ್ ಬರೆದು ಕೊಟ್ಟುಬಿಡುವುದು. ಡೆಲ್ಫಿಯಲ್ಲಿ 2009ರ ಆವೃತ್ತಿಯಿಂದ ಅದು ಇದೆ. ಫ್ರೀ ಪ್ಯಾಸ್ಕಲ್‌ನ 3.2.2, ಅಂದರೆ 2021ರ ಸ್ಥಿರ ಆವೃತ್ತಿಯಲ್ಲಿ ಇಲ್ಲ. ಮುಂದಿನ ಆವೃತ್ತಿಗಾಗಿ ನಡೆಯುತ್ತಿರುವ ಕೋಡ್‌ನಲ್ಲಿ ಆಗಲೇ ಸೇರಿಸಿದ್ದಾರೆ. ಆದರೆ ದುಡ್ಡು ಎಣಿಸುವ ಸಾಫ್ಟ್‌ವೇರನ್ನು ಇನ್ನೂ ಬಿಡುಗಡೆಯಾಗದ ಕಂಪೈಲರ್‌ನಲ್ಲಿ ಕಟ್ಟಿ ಕೊಡೋಣ ಅಂತ ಮೀಟಿಂಗ್‌ನಲ್ಲಿ ಹೇಳುವ ಧೈರ್ಯ ನನಗಿರಲಿಲ್ಲ. ಅವಳು ಕೇಳಿದ್ದು ಒಂದೇ ಮಾತು: "ಅಂದ್ರೆ ಸರ್, ನಾನು ಬರೆದಿದ್ದೆಲ್ಲ ಹಳೇ ಕಾಲದ ಥರ ತಿರುಗಿಸಿ ಬರೀಬೇಕು, ಅಲ್ವಾ?" ಹೌದು ಅಂದೆ. ಅಲ್ಲಿಗೆ ಟೀಮ್‌ನಲ್ಲಿ ಎರಡನೇ ಓಟು ಹೋಯಿತು.

ಎರಡನೇ ವಾರ ನನ್ನ ನಿದ್ದೆ ಕೆಡಿಸಿದ್ದು ಅಕ್ಷರಗಳು.

ಸುಲಭವಾಗಿ ಹೇಳಿಬಿಡ್ತೀನಿ. ಸ್ಟ್ರಿಂಗ್ ಅಂದರೆ ಅಕ್ಷರಗಳ ಸಾಲು, ಯುಟಿಎಫ್ ಅಂದರೆ ಅದನ್ನು ಮೆಮೊರಿಯಲ್ಲಿ ಇಡುವ ಕ್ರಮ. 2009ರ ಆವೃತ್ತಿಯಿಂದ ಡೆಲ್ಫಿಯ ಸ್ಟ್ರಿಂಗ್ ಯುಟಿಎಫ್-16. ಕನ್ನಡದ ಒಂದೊಂದು ಚಿಹ್ನೆಗೂ ಒಂದೊಂದು ಮನೆ. ಲಜಾರಸ್‌ನ ಸ್ಟ್ರಿಂಗ್ ಯುಟಿಎಫ್-8. ಅಲ್ಲಿ ಕನ್ನಡದ ಒಂದು ಚಿಹ್ನೆ ಮೂರು ಬೈಟ್ ತಿನ್ನುತ್ತದೆ, ಉದ್ದ ಎಷ್ಟು ಅಂತ ಕೇಳಿದರೆ ಬೈಟ್‌ಗಳನ್ನು ಎಣಿಸಿ ಹೇಳುತ್ತದೆ. ಎರಡರಲ್ಲೂ ತಪ್ಪಿಲ್ಲ. ಎಣಿಸುವ ರೀತಿ ಬೇರೆ ಅಷ್ಟೇ.

ನಮ್ಮಲ್ಲಿ ಗಿರಾಕಿಗಳ ಪಟ್ಟಿಯನ್ನು ಟೆಕ್ಸ್ಟ್ ಫೈಲ್ ಆಗಿ ಹೊರಗೆ ಕಳಿಸುವ ಒಂದು ಕೆಲಸ ಇದೆ. ಹೆಸರಿಗೆ 20 ಮನೆ. ಜಾಸ್ತಿಯಾದರೆ ಕತ್ತರಿಸು, ಕಡಿಮೆಯಾದರೆ ಖಾಲಿ ಜಾಗ ತುಂಬು. ಲಜಾರಸ್‌ನಲ್ಲಿ ಕಟ್ಟಿದ ಪ್ರತಿಯಿಂದ ಆ ಫೈಲ್ ತೆಗೆದು ನೋಡಿದೆ. ಮೊದಲ ಸಾಲು ಸರಿ. ಎರಡನೇ ಸಾಲು ಸರಿ. ಮೂರನೆಯದರಲ್ಲಿ "ಲಕ್ಷ್ಮಿ" ಇರಬೇಕಾದ ಕಡೆ "ಲಕ್ಷ್ಮ" ಇತ್ತು, ಅದರ ಬಾಲಕ್ಕೆ ಪ್ರಶ್ನಾರ್ಥಕ ಚಿಹ್ನೆಯ ಕಸ.

ಕಾಗದ ತಗೊಂಡು ಬಿಡಿಸಿದೆ. ಲ, ಕ, ಅರ್ಧಾಕ್ಷರದ ಚಿಹ್ನೆ, ಷ, ಮತ್ತೆ ಅರ್ಧಾಕ್ಷರದ ಚಿಹ್ನೆ, ಮ, ಕೊನೆಗೆ ಗುಡಿಸು. ಒಟ್ಟು ಏಳು. ಡೆಲ್ಫಿಗೆ ಅದು 7. ಲಜಾರಸ್‌ಗೆ 21. ನಮ್ಮ ಕೋಡ್ 20ಕ್ಕೆ ಕತ್ತರಿಸುತ್ತದೆ. ಆರು ಚಿಹ್ನೆಗೆ 18 ಬೈಟ್ ಮುಗಿಯಿತು, ಉಳಿದ ಎರಡು ಬೈಟ್ ಗುಡಿಸಿನ ಮುಕ್ಕಾಲು ಭಾಗವೂ ಅಲ್ಲ. ಒಂದೇ ಒಂದು ಬೈಟ್‌ನಿಂದ ಲಕ್ಷ್ಮಿಯ ಗುಡಿಸು ಹಾರಿಹೋಗಿತ್ತು.

ಪರಿಹಾರ ಇದೆ. ಅಕ್ಷರ ನೋಡಿ ಎಣಿಸುವ, ಅಕ್ಷರ ನೋಡಿ ಕತ್ತರಿಸುವ ಫಂಕ್ಷನ್‌ಗಳು ಲಜಾರಸ್ ಜೊತೆಗೇ ಬರುತ್ತವೆ. ಹೆಸರು ಬದಲಿಸಿದರೆ ಸಾಕು. ಆದರೆ ಎಲ್ಲಿ? ನಮ್ಮ ಕೋಡ್‌ನಲ್ಲಿ ಉದ್ದ ಕೇಳುವ, ಕತ್ತರಿಸುವ, ಹುಡುಕುವ ಕರೆಗಳು ಎಷ್ಟಿವೆ ಅಂತ ಎಣಿಸಿದೆ. 2,300 ಚಿಲ್ಲರೆ. ಬಹುಪಾಲು ಕಡೆ ಏನೂ ಆಗುವುದಿಲ್ಲ. ಕೆಲವು ಕಡೆ ಆಗುತ್ತದೆ. ಯಾವ ಕೆಲವು ಅನ್ನೋದನ್ನು ಒಂದೊಂದೇ ತೆರೆದು ನೋಡಬೇಕು. ಕಂಪೈಲರ್ ತುಟಿ ಬಿಚ್ಚುವುದಿಲ್ಲ, ಯಾಕೆಂದರೆ ಅದರ ಕಣ್ಣಿಗೆ ಎಲ್ಲವೂ ಸರಿಯೇ. ಹೆಸರಿಲ್ಲದ ಫಂಕ್ಷನ್ ಸಿಕ್ಕಿದರೆ ಕಂಪೈಲರ್ ಅರಚಿಕೊಳ್ಳುತ್ತದೆ, ಅದು ಪರವಾಗಿಲ್ಲ. ಇದು ಸುಮ್ನೆ ಇರುತ್ತದೆ. ಆರು ತಿಂಗಳಾದ ಮೇಲೆ ಯಾರೋ ಗಿರಾಕಿ ಫೋನ್ ಮಾಡಿ, ನನ್ನ ಹೆಸರು ಯಾಕೆ ಹೀಗೆ ಬಂದಿದೆ ಅಂತ ಕೇಳುವವರೆಗೂ ಸುಮ್ನೆ ಇರುತ್ತದೆ.

ಇದನ್ನು ಹಿರಿಯರಿಗೆ ಹೇಳಿದಾಗ ಅವರು ನಕ್ಕರು. ಸಂತೋಷದ ನಗುವಲ್ಲ. ಡೆಲ್ಫಿ ತಾನೇ ಯೂನಿಕೋಡ್‌ಗೆ (ಎಲ್ಲ ಭಾಷೆಗಳ ಅಕ್ಷರಗಳಿಗೂ ಜಾಗ ಇರುವ ಪದ್ಧತಿಗೆ) ಬದಲಾದಾಗ ಇದೇ ಕೋಡ್ ಜೊತೆ ಗುದ್ದಾಡಿದವರು ಅವರು. "ಆವಾಗ ನಾಲ್ಕು ತಿಂಗಳು ಹೋಯ್ತು. ಇನ್ನೊಂದು ಸಲ ಅಂದ್ರೆ ನಾನು ರಿಟೈರ್ ಆಗಿಬಿಡ್ತೀನಿ, ನೀನು ಮಾಡ್ಕೋ."

ಅವರಿಗೆ ಇನ್ನೊಂದು ತಕರಾರು ಇತ್ತು. ಡಿಬಗ್ ಮಾಡುವಾಗ ಅವರು, ಕೋಡ್ ಓಡುತ್ತಿರುವಾಗಲೇ ಬೆಲೆಗಳನ್ನು ತೋರಿಸುವ ವಾಚ್ ವಿಂಡೋದಲ್ಲಿ, ಡೇಟಾಬೇಸ್‌ನಿಂದ ಬಂದ ಸಾಲಿನ ಯಾವ ಕಾಲಂನಲ್ಲಿ ಏನಿದೆ ಅಂತ ಕೇಳುವ ಒಂದು ಸಾಲು ಟೈಪ್ ಮಾಡುತ್ತಾರೆ. ಇಪ್ಪತ್ತು ವರ್ಷದ ಅಭ್ಯಾಸ. ಸೆಟ್ಟಿಂಗ್‌ನಲ್ಲಿ ಅನುಮತಿ ಕೊಟ್ಟಿದ್ದರೆ ಡೆಲ್ಫಿ ಆ ಫಂಕ್ಷನನ್ನು ಕರೆದು ಉತ್ತರ ತೋರಿಸುತ್ತದೆ. ನಾನು ಹಾಕಿಕೊಟ್ಟ ಲಜಾರಸ್‌ನಲ್ಲಿ ಅದು ತಾನಾಗಿ ಬರಲಿಲ್ಲ. ನಾನು ಕೋಡ್‌ನಲ್ಲಿ ಒಂದು ವೇರಿಯಬಲ್ ಸೇರಿಸಿ, ಬೆಲೆಯನ್ನು ಅದಕ್ಕೆ ತುಂಬಿ ತೋರಿಸಿದೆ. ಅವರು ನನ್ನ ಮುಖ ನೋಡಿದರು. ಬಗ್ ಹಿಡಿಯಲು ಕೋಡ್ ಬದಲಿಸು ಅಂದರೆ ಅವರಂಥವರಿಗೆ ಹೇಗನ್ನಿಸುತ್ತದೆ ಅಂತ ನನಗೆ ಗೊತ್ತು. ನನಗೂ ಹಾಗೇ ಅನ್ನಿಸಿತ್ತು, ಹೇಳಲಿಲ್ಲ.

ಒಳ್ಳೇದನ್ನೂ ಹೇಳಬೇಕು. ಇದೇ ವಾರ ಫಾರ್ಮ್ ಡಿಸೈನರ್‌ನಲ್ಲಿ ಒಂದು ವಿಚಿತ್ರ ನಡವಳಿಕೆ ಸಿಕ್ಕಿತು. ಲಜಾರಸ್ ಬರೆದಿರುವುದೂ ಅದೇ ಪ್ಯಾಸ್ಕಲ್‌ನಲ್ಲೇ, ಅದರ ಪೂರ್ತಿ ಸೋರ್ಸ್ ನನ್ನ ಡಿಸ್ಕ್‌ನಲ್ಲೇ ಕೂತಿದೆ. ಐಡಿಇಯನ್ನೇ ಒಂದು ಪ್ರಾಜೆಕ್ಟ್ ಥರ ತೆರೆದು, ಓಟವನ್ನು ನಡುವೆ ನಿಲ್ಲಿಸುವ ಬ್ರೇಕ್‌ಪಾಯಿಂಟ್ ಇಟ್ಟು, ಅದರ ಹೊಟ್ಟೆಯೊಳಗೆ ಸಾಲು ಸಾಲಾಗಿ ನಡೆದು ಹೋದೆ. ಎರಡು ಗಂಟೆಯಲ್ಲಿ ಜಾಗ ಸಿಕ್ಕಿತು. ಬಗ್ ಟ್ರ್ಯಾಕರ್‌ನಲ್ಲಿ ವರದಿ ಹಾಕಿದೆ, ಮರುದಿನ ಬೆಳಗ್ಗೆ ಯಾರೋ ಸವಿಸ್ತಾರವಾಗಿ ಉತ್ತರ ಬರೆದಿದ್ದರು. ಸಂಬಳ ತಗೊಂಡು ಮಾಡುವ ಸಪೋರ್ಟ್‌ನಲ್ಲಿ ಇಷ್ಟು ಬೇಗ ನನಗೆ ಯಾವತ್ತೂ ಉತ್ತರ ಬಂದಿಲ್ಲ. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ನಡುವೆ ಮ್ಯಾನೇಜರ್ ಒಂದು ಸಲ ಬಂದು ಹೋದರು. ಕೋಡ್ ಬರೆಯುವ ಆಟಮ್ ಎಡಿಟರ್ ನಿಂತುಹೋದ ಸುದ್ದಿ ಯಾರೋ ಅವರ ಕಿವಿಗೆ ಹಾಕಿದ್ದರು. ಓಪನ್ ಸೋರ್ಸ್ ಆಗಿದ್ದರೂ ಅದನ್ನು ಮಾಡಿದ ಗಿಟ್‌ಹಬ್ ಕಂಪನಿಯೇ ಅದನ್ನು 2022ರ ಡಿಸೆಂಬರ್ 15ಕ್ಕೆ ಮುಚ್ಚಿತು, ನಿಜ. "ನಾಳೆ ಇದೂ ಹಾಗೇ ಆದ್ರೆ?" ಅಂದರು. ಲಜಾರಸ್ ಹಿಂದೆ ಮುಚ್ಚಲು ಒಂದು ಕಂಪನಿಯೇ ಇಲ್ಲ ಸರ್, ಡೆಲ್ಫಿಯೇ ಬೋರ್ಲ್ಯಾಂಡ್ ಕೈಯಿಂದ 2008ರಲ್ಲಿ ಎಂಬಾರ್ಕಡೆರೊ ಕೈಗೆ ಹೋದದ್ದು ಅಂದೆ. ತಲೆಯಾಡಿಸಿದರು. ಒಪ್ಪಿದ ತಲೆಯಾಟವೋ, ಸಾಕು ಅನ್ನುವ ತಲೆಯಾಟವೋ ತಿಳಿಯಲಿಲ್ಲ.

ಮೂರನೇ ವಾರ ರಿಪೋರ್ಟ್ ಕಾಂಪೊನೆಂಟ್‌ನಿಂದ ತಪ್ಪಿಸಿಕೊಳ್ಳಲು ಆಗಲಿಲ್ಲ.

ನಮ್ಮ 38 ರಿಪೋರ್ಟ್‌ಗಳೂ ಅದರ ಮೇಲೇ ನಿಂತಿವೆ. ಬಿಲ್ ಅಚ್ಚಾಗುವುದೂ ಅದರಿಂದಲೇ. ಅದನ್ನು ಒಂದು ಸಣ್ಣ ಕಂಪನಿ ಮಾರುತ್ತಿತ್ತು, ಈಗ ಆ ಕಂಪನಿ ಇಲ್ಲ. ನಮ್ಮ ಹತ್ತಿರ ಇರುವುದು ಡಿಸಿಯು ಫೈಲ್‌ಗಳು ಮಾತ್ರ, ಅಂದರೆ ಕಂಪೈಲ್ ಆಗಿ ಬಂದ ಗಟ್ಟಿ. ಫ್ರೀ ಪ್ಯಾಸ್ಕಲ್‌ಗೆ ಅದು ಕಲ್ಲು ಕೊಟ್ಟ ಹಾಗೆ, ಓದಲು ಬರುವುದೇ ಇಲ್ಲ. ಸೋರ್ಸ್ ಬೇಕು. ಸೋರ್ಸ್ ಇಲ್ಲ.

ಅಷ್ಟೇ ಆಗಿದ್ದರೆ ಲಜಾರಸ್‌ನ ಕೊರತೆ ಅಂತ ಬರೆದು ಕೈ ತೊಳೆದುಕೊಳ್ಳುತ್ತಿದ್ದೆ. ಆದರೆ ಡಿಸಿಯು ಫೈಲ್ ಯಾವ ಡೆಲ್ಫಿ ಆವೃತ್ತಿಯಲ್ಲಿ ಹುಟ್ಟಿತೋ ಆ ಆವೃತ್ತಿಗೇ ಸಲ್ಲುತ್ತದೆ. ಮುಂದಿನ ದೊಡ್ಡ ಆವೃತ್ತಿಯ ಡೆಲ್ಫಿಗೂ ಅದು ಬೇಡ. ಅದು ಹೊಳೆದಾಗ ನಮ್ಮ ಬಿಲ್ಡ್ ಮಷಿನ್ (ಸಾಫ್ಟ್‌ವೇರ್ ಕಟ್ಟುವ ಕಂಪ್ಯೂಟರ್) ತೆರೆದು ನೋಡಿದೆ. ಹೌದು. ಲೈಸೆನ್ಸ್ ವರ್ಷ ವರ್ಷ ನವೀಕರಿಸಿ ಹೊಸ ಆವೃತ್ತಿಗಳನ್ನು ಪಡೆಯುತ್ತಿದ್ದೆವು, ಸಾಫ್ಟ್‌ವೇರ್ ಮಾತ್ರ ಕಾಂಪೊನೆಂಟ್ ಕೊಂಡ ವರ್ಷದ ಆವೃತ್ತಿಯಲ್ಲೇ ಕಟ್ಟುತ್ತಿತ್ತು. ಹೊಸದಕ್ಕೆ ಹೋಗಲು ಒಮ್ಮೆ ಪ್ರಯತ್ನಪಟ್ಟು, "ಆಮೇಲೆ ನೋಡೋಣ" ಅಂತ ಬಿಟ್ಟಿದ್ದೆವು. ಆ ಆಮೇಲೆ ಬಂದೇ ಇರಲಿಲ್ಲ.

ಅಂದರೆ ನಮ್ಮನ್ನು ಕಟ್ಟಿಹಾಕಿದ್ದು ಡೆಲ್ಫಿ ಅಲ್ಲ. ಲಜಾರಸ್‌ಗೆ ಹೋಗದಂತೆ ತಡೆದದ್ದು ಲಜಾರಸ್ ಕೂಡ ಅಲ್ಲ. ಎಂಟು ವರ್ಷದ ಹಿಂದೆ ಕೊಂಡ ಒಂದು ಕಾಂಪೊನೆಂಟ್. ಅದು ಸೋರ್ಸ್ ಸಮೇತ ಬೇಕೋ, ಬರೀ ಡಿಸಿಯು ಸಾಕೋ ಅಂತ ಎರಡು ಆಯ್ಕೆ ಇತ್ತು. ಸೋರ್ಸ್ ಇರುವುದಕ್ಕೆ ದುಡ್ಡು ಜಾಸ್ತಿ. ಹಳೇ ಮೇಲ್ ಹುಡುಕಿ ತೆಗೆದೆ. "ಸೋರ್ಸ್ ಬೇಡ, ನಾವೇನು ಅದನ್ನು ತೆರೆದು ನೋಡ್ತೀವಾ" ಅಂತ ಒಂದು ಸಾಲು. ಕೆಳಗೆ ನನ್ನ ಹೆಸರು.

ಸುಮಾರು ಹೊತ್ತು ಆ ಮೇಲ್ ನೋಡುತ್ತಾ ಕೂತಿದ್ದೆ.

ಶುಕ್ರವಾರ ವರದಿ ಕೊಡಬೇಕಿತ್ತು. ಎರಡು ಪುಟ ಬರೆದೆ. ಮೊದಲ ಕಾರಣ: ಅಧಿಕೃತ ಸಪೋರ್ಟ್ ಇಲ್ಲ. ಎರಡನೆಯದು: ತರಬೇತಿಗೆ ಸಮಯ ಬೇಕು. ಮೂರನೆಯದು: ಯೂನಿಕೋಡ್ ಬದಲಾವಣೆಯ ಅಪಾಯ. ನಾಲ್ಕನೆಯದು: ಕೆಲವು ಹೊರಗಿನ ಕಾಂಪೊನೆಂಟ್‌ಗಳು ಲಭ್ಯವಿಲ್ಲ. ಮೂರನೆಯದು ಅಪ್ಪಟ ಸತ್ಯ. ಎರಡನೆಯದು ಅರ್ಧ, ಕೀಲಿಗಳೆಲ್ಲ ಒಂದೇ ಆಗಿರುವಾಗ ಎಂಥ ತರಬೇತಿ? ಮೊದಲನೆಯದಂತೂ ನಾಚಿಕೆಗೇಡು. ಒಂದೇ ದಿನದಲ್ಲಿ ಉತ್ತರ ಕೊಟ್ಟವರ ಬಗ್ಗೆ ಸಪೋರ್ಟ್ ಇಲ್ಲ ಅಂತ ಬರೆದೆ. ನಾಲ್ಕನೆಯದರಲ್ಲಿ "ಕೆಲವು" ಅನ್ನುವ ಪದದ ಹಿಂದೆ ನಾನೇ ಅಡಗಿ ಕೂತಿದ್ದೆ.

ಮೀಟಿಂಗ್ ಹತ್ತು ನಿಮಿಷದಲ್ಲಿ ಮುಗಿಯಿತು. ಮ್ಯಾನೇಜರ್ ಮೊದಲ ಕಾರಣ ಓದಿ, "ಸಪೋರ್ಟ್ ಇಲ್ಲ ಅಂದ್ಮೇಲೆ ಕಷ್ಟ ಬಿಡಿ" ಅಂದರು. ಉಳಿದ ಮೂರನ್ನು ಓದಿದಂತೆ ಕಾಣಲಿಲ್ಲ. ಹಿರಿಯರು ನೆಮ್ಮದಿಯಾದರು. ಕಿರಿಯ ಹುಡುಗಿ ಹೊರಗೆ ಬಂದ ಮೇಲೆ ಮಾತ್ರ ಕೇಳಿದಳು: "ಸರ್, ಆವತ್ತು ಅವರು ಮರುದಿನವೇ ಉತ್ತರ ಬರೆದಿದ್ರಲ್ಲ?" ನೋಟ್‌ಬುಕ್‌ನಲ್ಲಿ ಅವಳು ಅದನ್ನೂ ಬರೆದುಕೊಂಡಿದ್ದಳು ಅಂತ ಕಾಣುತ್ತದೆ.

ಹೌದಮ್ಮ ಅಂದೆ. ಆಮೇಲೆ ಆ ಹಳೇ ಮೇಲ್ ತೋರಿಸಿದೆ. ಅವಳು ಓದಿ, ಒಂದು ಕ್ಷಣ ಸುಮ್ಮನಿದ್ದು, "ಇದನ್ನ ನೀವು ಡಿಲೀಟ್ ಮಾಡಬಹುದಿತ್ತು" ಅಂದಳು.

ಬಿಲ್ ಕಟ್ಟಿದರು, ಲೈಸೆನ್ಸ್ ನವೀಕರಣವಾಯಿತು. ನನ್ನ ಲಿನಕ್ಸ್ ಮಷಿನ್‌ನಲ್ಲಿ ಲಾಗ್ ಫೈಲ್ ಓದುವ ಒಂದು ಸಣ್ಣ ಟೂಲ್ ಬೇಕಿತ್ತು, ಅದನ್ನು ಲಜಾರಸ್‌ನಲ್ಲೇ ಬರೆದುಕೊಂಡೆ, ಟೀಮ್‌ನವರೆಲ್ಲ ಈಗ ಅದನ್ನೇ ಬಳಸುತ್ತಾರೆ. ಯಾವುದರಲ್ಲಿ ಬರೆದದ್ದು ಅಂತ ಯಾರೂ ಕೇಳಿಲ್ಲ.

ದಿನದ ಕೆಲಸ ಮುಗಿದ ಮೇಲೆ ಅರ್ಧ ಗಂಟೆ ಕೂತು ರಿಪೋರ್ಟ್‌ಗಳನ್ನು ಒಂದೊಂದಾಗಿ ಬೇರೆ ಕಾಂಪೊನೆಂಟ್‌ಗೆ ಬದಲಿಸುತ್ತಿದ್ದೇನೆ. ಇದು ಡೆಲ್ಫಿಯಲ್ಲೂ ನಡೆಯುತ್ತದೆ, ಲಜಾರಸ್‌ನಲ್ಲೂ ನಡೆಯುತ್ತದೆ, ಸೋರ್ಸ್ ಸಮೇತ ಬಂದಿದೆ. ಮ್ಯಾನೇಜರ್‌ಗೆ ಹೇಳಿಲ್ಲ. ಹುಡುಗಿ ವಾರಕ್ಕೊಂದು ಮಾಡಿಕೊಡುತ್ತಾಳೆ. 38ರಲ್ಲಿ 11 ಆಗಿವೆ. ಬಿಲ್ ಅಚ್ಚು ಹಾಕುವ ರಿಪೋರ್ಟನ್ನು ಕೊನೆಗೆ ಇಟ್ಟುಕೊಂಡಿದ್ದೇವೆ, ಅದರೊಳಗೇ ಇದೆ ಆ "ಇದನ್ನು ಮುಟ್ಟಬೇಡಿ" ಅನ್ನುವ ಸಾಲು.